ಕೇಳದೆ ಕೊಟ್ಟ ಪಾಳಿ

ಶಿಗ್ಗಾಂವಿಯ ನಮ್ಮ ಆಫೀಸಿನ ಗೋಡೆಯಲ್ಲಿ ಒಂದೇ ಮೊಳೆ ಇತ್ತು. ಅದಕ್ಕೆ ಎರಡು ಕ್ಯಾಲೆಂಡರು ತೂಗುಹಾಕಿದ್ದೆ. ಒಂದು ಪಂಚಾಂಗದ್ದು, ಇನ್ನೊಂದು ಸವಣೂರಿನ ಅತ್ತರಿನ ಅಂಗಡಿಯವರು ಕೊಟ್ಟ ಉರ್ದುವಿನದು. ನನಗೆ ಉರ್ದು ಓದಲು ಬರುತ್ತಿರಲಿಲ್ಲ. ಅಂಗಡಿಯವರೇ ತಿಂಗಳುಗಳ ಹೆಸರನ್ನು ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಲಾರಿ ಮಾರುವ ನಮ್ಮ ಕೆಲಸಕ್ಕೆ ಎರಡೂ ಬೇಕಾಗಿದ್ದವು.

ಹುಬ್ಬಳ್ಳಿಯ ಒಂದು ಲಾರಿ ಏಜೆನ್ಸಿಯ ಶಾಖೆ ಅದು. ಶಾಖೆ ಎಂದರೆ ಒಂದು ಮೇಜು, ಗಿರಾಕಿಗಳಿಗೆ ಒಂದು ಬೆಂಚು, ಮ್ಯಾಟ್ರಿಕ್ ಪಾಸಾದ ನಾನು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನವರು ಹೊಸ ಲಾರಿ ಬೇಕೆಂದರೆ ನನ್ನ ಹತ್ತಿರ ಬರಬೇಕಿತ್ತು. ಆಗ ಕೈಯಲ್ಲಿ ಹಣ ಇದ್ದವನಿಗೂ ಲಾರಿ ಆ ದಿನವೇ ಸಿಗುತ್ತಿರಲಿಲ್ಲ. ಡಿಪಾಜಿಟ್ ಕಟ್ಟಿ ಹೆಸರು ಹಚ್ಚಿ ಕಾಯಬೇಕು. ಕಾರಖಾನೆಯಿಂದ ಪುಣೆಯ ಯಾರ್ಡಿಗೆ ಚಾಸಿಗಳು ಬರುತ್ತಿದ್ದವು. ಚಾಸಿ ಎಂದರೆ ಬರೀ ಅಸ್ಥಿಪಂಜರ: ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ಎಂಜಿನ್ನು, ಅದರ ಮೇಲಿನ ಬಾನೆಟ್ಟು, ಗಾಲಿ, ಸ್ಟೇರಿಂಗು. ಡ್ರೈವರು ಕೂಡಲು ಸೀಟೂ ಇರುತ್ತಿರಲಿಲ್ಲ. ಹಲಗೆಯ ಪೆಟ್ಟಿಗೆಯೊಂದನ್ನು ಹಗ್ಗದಿಂದ ಬಿಗಿದು ಅದರ ಮೇಲೆ ಕುಳಿತು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಪುಣೆಯಿಂದ ನಮ್ಮ ಕಡೆಗೆ ನಡೆಸಿಕೊಂಡು ಬರಬೇಕು. ಆಮೇಲೆ ಬಡಿಗರು ಅದರ ಮೇಲೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದರು.

ಬಂದ ಚಾಸಿಗಳಲ್ಲಿ ಹುಬ್ಬಳ್ಳಿಗೆ ಕೆಲವು, ಅದರಲ್ಲಿ ನಮ್ಮ ಶಾಖೆಗೆ ಒಂದು. ಅದು ಯಾರ ಪಾಳಿಗೆ ಬರುತ್ತದೋ ಅವರದು. ತೊಡಕು ಇದ್ದದ್ದು ತಿಂಗಳುಗಳಲ್ಲಿ. ಚಾಸಿ ಆಷಾಢದಲ್ಲಿ ಬಂದರೆ ನಮ್ಮ ಹಿಂದೂ ಗಿರಾಕಿಗಳು ಮುಟ್ಟುತ್ತಿರಲಿಲ್ಲ. ಮೊಹರಮ್ ತಿಂಗಳಲ್ಲಿ ಬಂದರೆ ಮುಸಲ್ಮಾನರು ಹೊಸ ಗಾಡಿ ಮನೆಗೆ ತರುತ್ತಿರಲಿಲ್ಲ. ಅದಕ್ಕೆ ನನಗಿಂತ ಮುಂಚಿನವರು ಒಂದು ರೂಢಿ ಹಾಕಿದ್ದರು. ಆಷಾಢದಲ್ಲಿ ಇವರ ಪಾಳಿಯನ್ನು ಅವರಿಗೆ, ಮೊಹರಮ್ಮಿನಲ್ಲಿ ಅವರ ಪಾಳಿಯನ್ನು ಇವರಿಗೆ ಕೊಡುವುದು. ಬಿಟ್ಟುಕೊಟ್ಟವರಿಗೆ ಮುಂದಿನ ಚಾಸಿ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಕಟ್ಟಳೆ ಇದ್ದದ್ದು ಒಂದೇ. ಪಾಳಿ ಯಾರದೋ ಅವರ ಬಾಯಿಂದಲೇ ಆ ಮಾತು ಬರಬೇಕು. ಅವರ ಮನೆಗೆ ಹೋಗಿ ಕೇಳಿಕೊಂಡು ಬರುವುದು ನನ್ನ ಕೆಲಸ.

ಒಮ್ಮೆ ಆಷಾಢದ ಮಳೆಯಲ್ಲಿ ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರ ಕಟ್ಟೆಯ ಮೇಲೆ ನಿಂತು ಕೇಳಿದ್ದೆ. ಅವರು ಅಡಿಕೆ ಕತ್ತರಿಸುತ್ತ ಹೇಳಿದರು: “ಆಷಾಢ ಅಂತ ಮನಿ ಸೊಸಿನ್ನ ತವರಿಗೆ ಕಳಿಸಿ ಕುಂತೇನಿ. ಲಾರಿನ್ನ ಒಳಗ ಕರ್ಕೊಳ್ಳಲೇನ್ರಿ? ಬ್ಯಾರೇದವರಿಗೆ ಕೊಡ್ರಿ. ಆದ್ರ ಕೇಳಾಕ ಬಂದ್ರೆಲ್ಲ, ಅದು ಚಲೋ ಆತು. ಒಳಗ ಬಂದು ತಲಿ ಒರಸ್ಕೋರಿ.” ಕೇಳುವುದಕ್ಕೆ ಅಷ್ಟು ಬೆಲೆ ಇತ್ತು. ಅದು ನನಗೆ ಗೊತ್ತಿತ್ತು ಎಂದು ಹೇಳಲಿಕ್ಕೇ ಇದನ್ನು ಬರೆದೆ.

ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದ ಸವಣೂರಿನ ಹಿರಿಯರೊಬ್ಬರು ಹೆಸರು ಹಚ್ಚಲು ಬಂದದ್ದು ಒಂದು ಬೇಸಿಗೆಯಲ್ಲಿ. ಎತ್ತರದ ಆಳು, ಬಿಳಿ ಗಡ್ಡ, ಬಲ ಮುಂಗೈಗೆ ಮಾತ್ರ ಬಿಸಿಲಿನ ಕಪ್ಪು. ಎರಡನೇ ಮಹಾಯುದ್ಧಕ್ಕಿಂತ ಮುಂಚಿನಿಂದ ಇನ್ನೊಬ್ಬರ ಲಾರಿ ನಡೆಸಿದವರು. ಸವಣೂರಿನ ಎಲೆಬಳ್ಳಿ ತೋಟಗಳಿಂದ ವೀಳ್ಯದೆಲೆಯ ಬುಟ್ಟಿಗಳನ್ನು ಬಾಡುವುದರೊಳಗೆ ಹುಬ್ಬಳ್ಳಿ ಮುಟ್ಟಿಸುವುದರಲ್ಲಿ ಅವರ ಕೈ ಹೆಸರಾಗಿತ್ತು. ಅವರ ಹೆಂಡತಿ ಚಾಚಿಯ ತವರಿನ ತೋಟದ ಪಾಲು ಬಂದಿದ್ದರಿಂದ ಈಗ ಸ್ವಂತದ ಒಂದು ಲಾರಿಯ ಮಾತು.

ಕಾಗದಕ್ಕೆ ಸಹಿ ಮಾಡುವ ಮೊದಲು ಅವರು ಒಂದು ಕರಾರು ಹಾಕಿದರು. “ತಮ್ಮಾ, ಗಾಡಿ ಬಂದಾಗ ನಿಮ್ಮ ಡ್ರೈವರ್ ತರೋದು ಬ್ಯಾಡ. ಪುಣೆಕ್ಕ ನಾನ ಹೋಗ್ತೇನಿ, ನಾನ ನಡಿಸ್ಕೊಂಡು ಬರ್ತೇನಿ.”

“ಯಾಕ್ರಿ ಚಾಚಾ, ಆ ಧೂಳಾಗ? ಅವರಿಗೆ ರೂಢಿ ಐತಿ, ತರ್ತಾರ.”

“ನಾ ಇಲ್ಲೀತನ ಹಿಡಿದ ಸ್ಟೇರಿಂಗ್ ಎಲ್ಲಾ ಒಬ್ಬರು ಹಿಡಿದು ಬಿಟ್ಟಿದ್ದು. ಮಿಲಿಟ್ರಿಯವರು ಬಿಟ್ಟಿದ್ದು, ಸೇಟ್ ಮಂದಿ ಬಿಟ್ಟಿದ್ದು. ಕ್ಲಚ್ ಮ್ಯಾಲ ಕಾಲಿಟ್ರ ಬ್ಯಾರೆಯವರ ಕಾಲಿನ ತಗ್ಗು ಇರ್ತಿತ್ತು. ಒಂದ ಒಂದು ಗಾಡಿ, ಮೊದಲ ನನ್ನ ಕೈಗೆ ಬರಬೇಕು.” ಆಮೇಲೆ ನಕ್ಕರು. “ನಿಮ್ಮ ಪಾಳಿ ಹೆಂಗರ ಬರ್ಲಿ, ನನ್ನ ಕಣ್ಣು ಇರೋದ್ರೊಳಗ ಕೊಡು ಅಷ್ಟ.”

ಸಹಿ ಮಾಡುವಾಗ ಕಾಗದವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದರು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗೆರೆ ಹುಡುಕಿದರು. ಅದನ್ನು ನಾನು ನೋಡಿದೆ.

ಚಾಚಾನ ನಂತರದ ಪಾಳಿ ಅಕ್ಕಿಆಲೂರಿನ ಅಕ್ಕಿ ಗಿರಣಿಯ ಸಾವ್ಕಾರರದು. ಕೆಟ್ಟ ಮನುಷ್ಯರಲ್ಲ, ತಾಳ್ಮೆ ಇಲ್ಲದವರು. ಸುಗ್ಗಿಗೆ ಮೊದಲು ಲಾರಿ ಕೈಗೆ ಬೇಕಿತ್ತು. ಶಿಗ್ಗಾಂವಿಗೆ ಬಂದಾಗಲೆಲ್ಲ ನನ್ನ ಬೆಂಚಿನ ಮೇಲೆ ಕುಳಿತು, “ಏನ್ರಿ ಮ್ಯಾನೇಜರ್ರ, ನಿಮ್ಮ ಲಾರಿ ನಡಕೊಂತ ಬರಾಕತ್ತೈತೇನು? ತೆವಳಿಕೊಂತ ಬರಾಕತ್ತೈತೇನು?” ಎಂದು ಕಾಡುತ್ತಿದ್ದರು. ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ಅಕ್ಕಿಆಲೂರು ನನ್ನ ಹೆಂಡತಿಯ ತವರು. ನನಗೆ ಮದುವೆಯಾಗಿ ವರ್ಷವಾಗಿರಲಿಲ್ಲ. ಒಂದು ದಿನ ನನ್ನ ಮಾವನವರೇ ಸಾವ್ಕಾರರ ಜೊತೆ ಬಂದರು. ಊರಲ್ಲಿ ಅವರು ಸಾವ್ಕಾರರ ಎದುರು ಕೂಡುತ್ತಿರಲಿಲ್ಲ. ಅವತ್ತು ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕುಳಿತು, “ನಮ್ಮ ಅಳಿಯ ಅದಾನ್ರಿ ಇಲ್ಲೆ. ಮಾಡಿಕೊಡ್ತಾನ,” ಎಂದರು. ಆ ಮಾತಿನಲ್ಲಿ ಇದ್ದ ಹಿಗ್ಗು ನನ್ನ ತಲೆಗೂ ಏರಿತು. ನಾನು ಮುಂದೆ ಮಾಡಿದ್ದಕ್ಕೆ ಅದೊಂದೇ ಕಾರಣ. ಸಾವ್ಕಾರರಿಂದ ನಾನು ಒಂದು ಹಿಡಿ ಅಕ್ಕಿಯನ್ನೂ ತಕ್ಕೊಳ್ಳಲಿಲ್ಲ. ಅದನ್ನು ಹೇಳಿಕೊಂಡು ಬಹಳ ವರ್ಷ ಸಮಾಧಾನ ಮಾಡಿಕೊಂಡೆ.

ಶ್ರಾವಣದ ಚಂದ್ರನೂ ಮೊಹರಮ್ಮಿನ ಚಂದ್ರನೂ ಒಂದೇ ಆಗಿ ಬಂದ ವರ್ಷ ಅದು. ಮೊಳೆಯ ಮೇಲಿನ ಎರಡೂ ಕ್ಯಾಲೆಂಡರಿನ ಹಾಳೆಯನ್ನು ಒಟ್ಟಿಗೇ ತಿರುವಿದ್ದೆ. ಪೋಸ್ಟ್ ಆಫೀಸಿನ ಪೇದೆ ಬಂದು, ಹುಬ್ಬಳ್ಳಿಯಿಂದ ಫೋನು ಎಂದ. ಓಡಿದೆ.

ಆ ಕಡೆ ನಮ್ಮ ಮ್ಯಾನೇಜರು. “ನಿಮಗೊಂದು ಚಾಸಿ ಬಂದೈತಿ. ಯಾರ ಪಾಳಿ?”

“ಸವಣೂರಿನವರದ್ರಿ ಸರ್.”

“ಆತು. ಪುಣೆಗೆ ಯಾವಾಗ ಹೋಗ್ತಾರ ಕೇಳಿ ತಿಳಿಸ್ರಿ.”

ನಾನು ಫೋನು ಇಡಲಿಲ್ಲ. “ಸರ್, ಮೊಹರಮ್ ಹಿಡಿದೈತ್ರಿ,” ಎಂದೆ.

ಅದು ನಿಜವಾದ ಮಾತೇ. ಮ್ಯಾನೇಜರು “ಹಂಗೇನು? ಮುಂದಿನವರು ಯಾರು?” ಎಂದರು. ನಾನು ಕೇಳಿಕೊಂಡು ಬಂದಿದ್ದೇನೆ ಎಂದೇ ಅವರು ತಿಳಿದರು. ಕೇಳದೆ ಆ ಮಾತನ್ನು ನಮ್ಮಲ್ಲಿ ಯಾರೂ ಆಡುತ್ತಿರಲಿಲ್ಲ. “ಅಕ್ಕಿಆಲೂರಿನವರ್ರಿ,” ಎಂದೆ. “ಅವರಿಗೆ ತಿಳಿಸಿಬಿಡ್ರಿ,” ಎಂದರು.

ಹೊರಗೆ ಬಂದಾಗ ಸವಣೂರಿನ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಕಂಡಕ್ಟರು ಪರಿಚಯದವನು. “ಬರ್ರಿ, ಖಾಲಿ ಐತಿ,” ಎಂದು ಕೈ ಮಾಡಿದ. ಹತ್ತಿ ಹೋಗಿ ಕೇಳಿದ್ದರೆ ಚಾಚಾ ಬೇಡ ಎನ್ನಬಹುದಿತ್ತು, ಆಗ ಎಲ್ಲವೂ ಸರಿಯಾಗುತ್ತಿತ್ತು. ಆದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ ಆ ಕಾಗದ ನನ್ನ ಕಣ್ಣ ಮುಂದೆ ಇತ್ತು. ಕಣ್ಣು ಹೋಗುವುದರೊಳಗೆ ಗಾಡಿ ಬೇಕೆಂದು ಅವರು ತರ್ರಿ ಅಂದುಬಿಟ್ಟರೆ ಎಂಬ ಅಂಜಿಕೆಯಿಂದಲೇ ನಾನು ಆ ಬಸ್ಸು ಹತ್ತಲಿಲ್ಲ. ಹಾನಗಲ್ಲಿನ ಬಸ್ಸು ಹತ್ತಿ ಅಕ್ಕಿಆಲೂರಿಗೆ ಹೋದೆ. ಮಾವನ ಮನೆಯಲ್ಲಿ ಆ ದಿನ ಹೋಳಿಗೆ ಮಾಡಿದರು.

ಮೊಹರಮ್ಮಿನ ದೇವರು ಹೊಳೆಗೆ ಹೋದ ಮೇಲೆ ಒಂದು ಬೆಳಗ್ಗೆ ಚಾಚಾ ಆಫೀಸಿಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆಂಚಿನ ತುದಿಗೆ ಕುಳಿತರು. ಗಿರಣಿ ಸಾವ್ಕಾರರ ಚಾಸಿ ಪೇಟೆಯಲ್ಲಿ ಹಾದುಹೋದದ್ದು ಅವರ ಕಿವಿಗೆ ಬಿದ್ದಿತ್ತು.

“ತಮ್ಮಾ, ನನ್ನ ಪಾಳಿ ಇತ್ತಂತ, ಖರೇನು?”

“ಹೌದ್ರಿ ಚಾಚಾ,” ಎಂದೆ. “ಮೊಹರಮ್ ಇತ್ತಲ್ರಿ...”

ಅವರು ಗೋಡೆಯ ಕಡೆ ನೋಡಿದರು. ಎರಡು ಕ್ಯಾಲೆಂಡರುಗಳನ್ನು ನೋಡಿದರೋ, ಬರೀ ಗೋಡೆಯನ್ನು ನೋಡಿದರೋ ತಿಳಿಯಲಿಲ್ಲ. ಬೈಗುಳಕ್ಕೆ ನಾನು ಸಿದ್ಧನಾಗಿ ಕುಳಿತಿದ್ದೆ. ಬೈದಿದ್ದರೆ ನನ್ನ ಜೀವ ಹಗುರಾಗುತ್ತಿತ್ತು.

“ಚಲೋ ಮಾಡಿದಿ,” ಎಂದರು ಚಾಚಾ. “ನೀ ಬಂದು ಕೇಳಿದ್ರ ನಾ ತರ್ರಿ ಅಂತಿದ್ನೋ ಏನೋ. ಆಸೆ ಕೆಟ್ಟದ್ದು ನೋಡು. ಆಮ್ಯಾಲ ಜನ್ಮಪೂರ್ತಿ ಅದು ನನ್ನ ಚುಚ್ತಿತ್ತು, ದುಃಖದ ತಿಂಗಳದಾಗ ಗಾಡಿ ತಂದೆ ಅಂತ. ನಮ್ಮ ಮಗ ಇದ್ರ ಅವನೂ ಇಷ್ಟು ನೆನಪು ಇಡ್ತಿದ್ದಿಲ್ಲ. ನೀ ನನ್ನ ಮರ್ಯಾದಿ ಕಾದಿ.”

ಆಗಲೇ ಹೇಳಿಬಿಡಬೇಕಿತ್ತು. “ಚಹಾ ತರಸ್ಲೇನ್ರಿ ಚಾಚಾ?” ಎಂದೆ.

ಮುಂದಿನ ಚಾಸಿ ನಿಮ್ಮದೇ ಎಂದು ಹೇಳಿ ಕಳಿಸಿದೆ. ಅದು ಎರಡು ತಿಂಗಳಲ್ಲಿ ಬರುವುದೆಂದು ನಾನೂ ನಂಬಿದ್ದೆ. ಆ ದೀಪಾವಳಿಯ ಹೊತ್ತಿಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಪರ್ಮಿಟ್ಟಿನ ಕಾಗದಗಳು ಒಂದು ಸರ್ಕಾರದ ಕಪಾಟಿನಿಂದ ಇನ್ನೊಂದು ಸರ್ಕಾರದ ಕಪಾಟಿಗೆ ಹೊರಟು ನಡುವೆ ಎಲ್ಲೋ ಕುಳಿತವು. ಚಾಚಾನ ಅರ್ಜಿಯನ್ನು ಮತ್ತೆ ಹೊಸದಾಗಿ ಹಾಕಬೇಕಾಯಿತು. ಅದು ಕೈಸೇರುವಷ್ಟರಲ್ಲಿ ಹೊರದೇಶದ ಸಾಮಾನು ತರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿತು. ಕಾರಖಾನೆಯಿಂದ ಬರುವ ಚಾಸಿಗಳು ಕಡಿಮೆಯಾದವು. ಹುಬ್ಬಳ್ಳಿಗೇ ಸಾಲದು, ಶಿಗ್ಗಾಂವಿಗೆ ಎಲ್ಲಿಂದ? ನಾನು ಪ್ರತಿ ವಾರ ಫೋನು ಮಾಡುತ್ತಿದ್ದೆ. “ನಿಮ್ಮ ಸವಣೂರಿನವರ ಮ್ಯಾಲ ಏನಷ್ಟು ಪ್ರೀತಿ?” ಎಂದು ಮ್ಯಾನೇಜರು ನಗುತ್ತಿದ್ದರು.

ಮರು ವರ್ಷದ ಮೊಹರಮ್ಮಿನಲ್ಲಿ ಚಾಚಿ ನಮ್ಮ ಮನೆ ಹುಡುಕಿಕೊಂಡು ಬಂದರು. ಗಿಡ್ಡ ಹೆಂಗಸು, ಜೋರು ದನಿ. ಕೈಯಲ್ಲಿ ಬಟ್ಟೆ ಕಟ್ಟಿದ ಹಿತ್ತಾಳೆ ಡಬ್ಬಿ. ಅದರ ತುಂಬ ಚೋಂಗೆ. ಗೋಧಿ, ಬೆಲ್ಲ, ತುಪ್ಪದಲ್ಲಿ ಮಾಡಿದ, ಅಚ್ಚಿನ ಗೆರೆಯುಳ್ಳ ಮೊಹರಮ್ಮಿನ ಸಿಹಿ ರೊಟ್ಟಿ. ಡಬ್ಬಿಯನ್ನು ನೇರ ನನ್ನ ಹೆಂಡತಿಯ ಕೈಗೆ ತುರುಕಿ ಚಾಪೆಯ ಮೇಲೆ ಕುಳಿತರು. “ನಮ್ಮ ಮೊಹರಮ್ ಕಾದ ಹುಡುಗನ ಮನಿ ಅಂತ ಇಡೀ ಓಣಿಯವರು ತುಪ್ಪ ಕೊಟ್ಟಾರ. ತಿನ್ನವ್ವಾ. ನಿನ್ನ ಗಂಡ ಬಂಗಾರ ಅದಾನ.”

ನನ್ನ ಹೆಂಡತಿ ಖುಷಿಯಿಂದ ತಿಂದಳು. ನಾನು ಹಲ್ಲುನೋವು ಎಂದೆ. ಸವಣೂರಿಗೆ ಹೋದರೆ ಚಹಾದಂಗಡಿಯಲ್ಲಿ ಜನ ಸರಿದು ಜಾಗ ಕೊಡುತ್ತಿದ್ದರು. ಒಬ್ಬರಂತೂ ತಮ್ಮ ಮಗನಿಗೆ ನನ್ನನ್ನು ತೋರಿಸಿ, “ಹಿಂಗಿರಬೇಕು,” ಎಂದರು. ನಾನು ಸವಣೂರಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅದರ ಮುಂದಿನ ವರ್ಷವೂ ಚೋಂಗೆ ಬಂತು. ಆ ಸಲ ಚಾಚಿಯ ದನಿ ಅಷ್ಟು ಜೋರಿರಲಿಲ್ಲ.

“ಅವರ್ದು ಲೈಸನ್ ಹೋತಪಾ,” ಎಂದರು. ಲೈಸೆನ್ಸ್ ಹೊಸದು ಮಾಡಿಸಲು ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದರಂತೆ. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನ ಪೊರೆ ತೆಗೆಸಿದರೂ ಒಳಗಿನ ನರವೇ ಸೊರಗಿದೆ ಎಂದು ಡಾಕ್ಟರು ಹೇಳಿದರಂತೆ. “ಬೆಳಕು ಐತಿ, ನೆಳ್ಳು ಐತಿ. ನಡುವಿಂದು ಏನೂ ಕಾಣಂಗಿಲ್ಲ ಅಂತಾರ.”

ಚಾಸಿ ಬಂದದ್ದು ಅದಾದ ಮೇಲಿನ ಸಂಕ್ರಾಂತಿ ಮುಗಿದ ಬಳಿಕ. ಫೋನು ಇಟ್ಟವನೇ ಸವಣೂರಿನ ಬಸ್ಸು ಹತ್ತಿದೆ.

ಚಾಚಾ ಮನೆಯ ಮುಂದಿನ ಕಟ್ಟೆಯ ಮೇಲೆ ಎಲೆಬುಟ್ಟಿಗೆ ಹಗ್ಗ ಹೊಸೆಯುತ್ತಿದ್ದರು. ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದರು. ಕಣ್ಣು ನನ್ನ ಭುಜದ ಆಚೆ ಎಲ್ಲೋ ನೆಟ್ಟಿತ್ತು.

“ಚಾಚಾ, ನಿಮ್ಮ ಪಾಳಿ ಬಂದೈತ್ರಿ,” ಎಂದೆ. “ತರೋಣೋ ಬ್ಯಾಡೋ, ಕೇಳಾಕ ಬಂದೇನಿ.”

ಒಳಗಿನಿಂದ ಚಾಚಿ ಬಂದರು. “ಇನ್ನೇನ್ ತರೋದಪಾ? ಪಾಳಿ ಬ್ಯಾರೆಯವರಿಗೆ ಕೊಟ್ಟು ನಮ್ಮ ಡಿಪಾಜಿಟ್ ವಾಪಸ್ ಮಾಡು. ಯಾರು ನಡಸ್ತಾರ ಅದನ್ನ?”

“ಡ್ರೈವರ್ ಇಟ್ಕೊಳ್ಳೋಣು,” ಎಂದರು ಚಾಚಾ. “ನನಗೆಷ್ಟು ಮಂದಿ ಗಾಡಿ ಕೊಟ್ಟು ಅನ್ನ ಹಾಕಿದ್ರು. ನಾ ಒಬ್ಬಂವಗ ಹಾಕ್ತೇನಿ.” ಹಗ್ಗವನ್ನು ಪಕ್ಕಕ್ಕಿಟ್ಟರು. “ಪುಣೆಕ್ಕ ಮಾತ್ರ ಬರ್ತೇನಿ ತಮ್ಮಾ. ಹಿಂದ ಕುಂತು ಬರ್ತೇನಿ. ಕೂಡಾಕ ಕಣ್ಣು ಬೇಕೇನು?”

ನಾನು ರಜೆ ಹಾಕಿ ಅವರ ಜೊತೆ ಹೊರಟೆ. ಏಜೆನ್ಸಿಯ ಡ್ರೈವರು ನಿಪ್ಪಾಣಿ ಕಡೆಯವನು, ಬಾಯಿ ಚುರುಕು. ಪುಣೆಯ ಯಾರ್ಡಿನಲ್ಲಿ ನಮ್ಮ ಚಾಸಿಯನ್ನು ತೋರಿಸಿದಾಗ ಚಾಚಾ ಮುಂದಿನ ಬಂಪರಿನಿಂದ ಶುರುಮಾಡಿ ಹಿಂದಿನ ತುದಿಯವರೆಗೆ ಕೈ ಆಡಿಸುತ್ತ ಒಂದು ಸುತ್ತು ಬಂದರು. ಪಟ್ಟಿಗೆ ಹಚ್ಚಿದ ಬಣ್ಣ ಇನ್ನೂ ಅಂಟುತ್ತಿತ್ತು. ಬೆರಳು ಮೂಸಿ ನೋಡಿದರು. ಸ್ಟೇರಿಂಗನ್ನು ಮಾತ್ರ ಮುಟ್ಟಲಿಲ್ಲ. ಅದರ ಹತ್ತಿರ ಬಂದಾಗ ಕೈಯನ್ನು ಜೇಬಿಗೆ ಹಾಕಿಕೊಂಡರು.

ಹೊಸ ಎಂಜಿನ್ನನ್ನು ಮೊದಮೊದಲು ಜೋರಾಗಿ ಓಡಿಸುವಂತಿಲ್ಲ. ಪಿಸ್ಟನ್ನು, ಉಂಗುರಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ, ಆಗಾಗ ನಿಲ್ಲಿಸಿ, ಗಾಲಿಯ ಹಬ್ಬುಗಳನ್ನು ಮುಟ್ಟಿ ಬಿಸಿ ನೋಡುತ್ತ, ನಟ್ಟುಗಳನ್ನು ಬಿಗಿ ಮಾಡುತ್ತ ಬಂದೆವು. ಡ್ರೈವರು ಪೆಟ್ಟಿಗೆಯ ಮೇಲೆ, ನಾನು ಅವನ ಎಡಕ್ಕೆ, ಚಾಚಾ ನಮ್ಮ ಹಿಂದೆ ಪಟ್ಟಿಗೆ ಬಿಗಿದ ಹಾಸಿಗೆಯ ಸುರುಳಿಯ ಮೇಲೆ. ಸಾತಾರೆ ಕಡೆಯ ಘಾಟಿನಲ್ಲಿ ಹಿಂದಿನಿಂದ ಅವರ ದನಿ ಬರುತ್ತಿತ್ತು. “ಈಗ ಗೇರ್ ಇಳಿಸು. ತಡಾ ಮಾಡಬ್ಯಾಡ.”

“ಚಾಚಾ, ಗಾಡಿ ನಾ ನಡಸಾಕತ್ತೇನೋ ನೀವೋ?” ಎಂದ ಡ್ರೈವರು.

“ನೀ ನಡಸು. ನಾ ಬೈತೇನಿ. ಇಬ್ಬರಿಗೂ ಕೆಲಸ ಐತಿ.”

ಕೊಲ್ಹಾಪುರ, ಬೆಳಗಾವಿ, ಧಾರವಾಡ ದಾಟಿದೆವು. ಹುಬ್ಬಳ್ಳಿಯಲ್ಲಿ ಕಾಗದ ತೋರಿಸಿ, ರಾತ್ರಿ ತಂಗಿ, ನಸುಕಿನಲ್ಲೇ ಹೊರಟು ತಡಸದ ಮೇಲೆ ಶಿಗ್ಗಾಂವಿಗೆ ಬಂದಾಗ ಇನ್ನೂ ಬೆಳಗಿನ ಬಿಸಿಲು. ನನ್ನ ಆಫೀಸಿನ ಮುಂದೆ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿದೆವು. ಇಲ್ಲಿಂದ ಸವಣೂರಿಗೆ ಉಳಿದದ್ದು ಒಂದು ತಾಸಿನ ದಾರಿ. ಚಾಚಾ ಇಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಕರುವಿನ ಹಣೆಯ ಮೇಲೆ ಇಟ್ಟ ಹಾಗೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಡ್ರೈವರನ್ನು ಪಕ್ಕಕ್ಕೆ ಕರೆದೆ. “ಊರು ದಾಟಿದ ಮ್ಯಾಲ ಚಾಚಾ ನಡಸ್ತಾರ,” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಮಗೇನರ ಬಿಸಿಲು ಹತ್ತೇತೇನ್ರಿ? ಅವ್ರಿಗೆ ಕಣ್ಣಿಲ್ಲ, ಲೈಸನ್ ಇಲ್ಲ. ಹೆಚ್ಚುಕಮ್ಮಿ ಆದ್ರ ನಿಮ್ಮ ನೌಕರಿ ಹೊಕ್ಕೈತಿ, ನಂದೂ ಹೊಕ್ಕೈತಿ.”

“ನೀ ಹಿಂದ ಕುಂತು ಹ್ಯಾಂಡ್‌ಬ್ರೇಕ್ ಮ್ಯಾಲ ಕೈ ಇಡು. ಎರಡನೇ ಗೇರ್ ದಾಟೋದು ಬ್ಯಾಡ. ಇವತ್ತು ಸಂತಿ ಇಲ್ಲ, ದಾರಿ ಖಾಲಿ ಇರ್ತೈತಿ. ಏನಾದ್ರೂ ಆದ್ರ ನಾನ ಹೇಳಿದ್ದು ಅಂತ ಹೇಳು.”

ಅದು ಕಾನೂನಿನ ಪ್ರಕಾರ ತಪ್ಪು. ಇವತ್ತು ಯಾರಾದರೂ ಹಾಗೆ ಮಾಡಿದರೆ ನಾನೇ ಬೈಯುತ್ತೇನೆ. ಆದರೆ ಆ ಗಾಡಿಗೆ ಪುಣೆಯಿಂದಲೂ ಬೇರೆಯವನ ಕೈ ಹತ್ತಿತ್ತು. ಚಾಚಾ ಕೇಳಿದ್ದ ಒಂದೇ ಒಂದರಲ್ಲಿ ಉಳಿದದ್ದು ಈ ತುಂಡು ರಸ್ತೆ.

ಮನೆಗಳು ಮುಗಿದು ಕರಿ ಹೊಲಗಳು ಶುರುವಾದಲ್ಲಿ ಗಾಡಿ ನಿಲ್ಲಿಸಿದೆವು. ಚಾಚಾನ ಕೈ ಹಿಡಿದು ಪೆಟ್ಟಿಗೆಯ ಮೇಲೆ ಕೂಡಿಸಿದೆ. ಅವರಿಗೆ ತಿಳಿಯಿತು. ಎಡಗಾಲಿನ ಚಪ್ಪಲಿ ಬಿಟ್ಟು, ಬರಿಗಾಲನ್ನು ಕ್ಲಚ್ಚಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಸವರಿದರು. ರಬ್ಬರಿನ ಗೆರೆಗಳು ಇನ್ನೂ ಹರಿತವಾಗಿದ್ದವು.

“ತಗ್ಗಿಲ್ಲ,” ಎಂದರು.

ಮೊದಲನೇ ಗೇರು ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ಗಾಡಿ ಹೊರಟಿತು. ನಾನು ಅವರ ಪಕ್ಕದಲ್ಲಿ ಕುಳಿತು ರಸ್ತೆಯನ್ನು ಹೇಳುತ್ತ ಹೋದೆ. ನೆಟ್ಟಗೈತ್ರಿ. ಸ್ವಲ್ಪ ಎಡಕ್ಕ. ಮುಂದ ತಗ್ಗೈತಿ, ನಿಧಾನ. ಈಗ ನೆಟ್ಟಗ. ಹಿಂದೆ ಡ್ರೈವರು ಎಲ್ಲ ದೇವರ ಹೆಸರು ಹೇಳುತ್ತಿದ್ದ. ಚಾಚಾನ ಗಡ್ಡ ಗಾಳಿಗೆ ಹಾರುತ್ತಿತ್ತು. ಕಣ್ಣು ಮುಚ್ಚಿಕೊಂಡಿದ್ದರು. ಹೇಗೂ ಕಾಣದ ಕಣ್ಣು. ಮುಚ್ಚಿದಾಗಲೇ ಅವರಿಗೆ ಗಾಡಿ ಚೆನ್ನಾಗಿ ತಿಳಿಯುತ್ತಿತ್ತೇನೋ. ಹತ್ತಿಯ ಹೊಲದಲ್ಲಿದ್ದ ಹೆಂಗಸರು ಎದ್ದುನಿಂತು ನೋಡಿದರು.

ನನಗೆ ಆಗ ಅಳು ಬಂತು. ಅಳುತ್ತಲೇ ಹೇಳಿದೆ. ಎಂಜಿನ್ನಿನ ಸಪ್ಪಳದಲ್ಲಿ ದನಿ ಎತ್ತಿಯೇ ಹೇಳಬೇಕಿತ್ತು.

“ಚಾಚಾ, ಆ ವರ್ಷ ನಾ ಮೊಹರಮ್ ಕಾಯಲಿಲ್ರಿ. ಅದೊಂದು ನೆವಾ. ನಮ್ಮ ಮಾವನ ಊರವರಿಗೆ ಕೊಡಬೇಕಂತ ನಿಮ್ಮನ್ನ ಕೇಳದ ಕೊಟ್ಟೆ. ಕೇಳಿದ್ರ ನೀವು ತರ್ರಿ ಅಂತಿದ್ರಿ, ಅದಕ್ಕ ಕೇಳಲಿಲ್ಲ. ನಿಮ್ಮ ಕಣ್ಣಿನ ಸುದ್ದಿನೂ ನನಗ ಗೊತ್ತಿತ್ರಿ.”

ಚಾಚಾ ತಲೆ ತಿರುಗಿಸಲಿಲ್ಲ. ಸ್ಟೇರಿಂಗಿನ ಮೇಲಿನ ಕೈ ಅಲುಗಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.

“ಮುಂದ ಏನೈತಿ, ಅದನ್ನ ಹೇಳು,” ಎಂದರು.

ನೋಡಿದೆ. “ಚಕ್ಕಡಿ ಬರಾಕತ್ತೈತ್ರಿ. ಹುಲ್ಲು ಹೇರ್ಯಾರ.”

“ಯಾವ ಕಡೆ?”

“ಬಲಕ್ಕ ಅದಾರ್ರಿ. ನೀವು ಸ್ವಲ್ಪ ಎಡಕ್ಕ ಹಿಡೀರಿ... ಇನ್ನೂ ಸ್ವಲ್ಪ... ಸಾಕು. ದಾಟಿತ್ರಿ.”

ಹುಲ್ಲಿನ ವಾಸನೆ ಮುಖಕ್ಕೆ ಬಡಿದು ಹಿಂದೆ ಹೋಯಿತು. ಸವಣೂರಿನ ಅಗಸೆಬಾಗಿಲು ಕಂಡಾಗ, ಊರು ಬಂತು ಎಂದೆ. ಅವರು ಗಾಡಿಯನ್ನು ರಸ್ತೆಯ ಅಂಚಿಗೆ ತಂದು, ನಿಲ್ಲಿಸಿ, ಗೇರು ಬಿಡಿಸಿ, ಕೈ ಬ್ರೇಕು ತಾವೇ ಎಳೆದರು. ಪೇಟೆಯೊಳಗೆ ಡ್ರೈವರೇ ನಡೆಸಿದ.

ಮನೆಯ ಮುಂದೆ ಚಾಚಿ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ಓಣಿಗೆಲ್ಲ ಸಕ್ಕರೆ ಹಂಚಿದರು. ಗಂಡನ ಅಂಗೈ ಕಪ್ಪಾಗಿದ್ದನ್ನು ನೋಡಿ, “ಇದೇನು ಕೈಯಾಗ?” ಎಂದರು. ಹೊಸ ಸ್ಟೇರಿಂಗಿನ ಕಪ್ಪು ಅದು, ಬೆವರಿಗೆ ಬಿಡುತ್ತದೆ. ಚಾಚಾ ಎರಡೂ ಅಂಗೈ ಅವರ ಮುಂದೆ ಹಿಡಿದು ತೋರಿಸಿದರು, ಮದರಂಗಿ ಹಚ್ಚಿಸಿಕೊಂಡವರ ಹಾಗೆ. ನನ್ನ ಕಡೆ ತಿರುಗಲಿಲ್ಲ. ನಾನು ಸಕ್ಕರೆ ತಕ್ಕೊಂಡು ಬಸ್ಸು ಹತ್ತಿದೆ.

ಸವಣೂರಿನ ಬಡಿಗರು ಸಾಗವಾನಿಯ ಬಾಡಿ ಕಟ್ಟಿದರು. ಸರ್ಕಾರದ ತಪಾಸಣೆಯಲ್ಲಿ ಲಾರಿ ಪಾಸಾಯಿತು, ಎಲೆಬುಟ್ಟಿ ಹೇರಿಕೊಂಡು ನಮ್ಮ ಆಫೀಸಿನ ಮುಂದೆಯೇ ಹುಬ್ಬಳ್ಳಿಗೆ ಹೋಗುತ್ತಿತ್ತು. ಚಾಚಾ ಡ್ರೈವರಿನ ಪಕ್ಕದಲ್ಲಿ ಕುಳಿತಿರುವುದು ಕಾಣುತ್ತಿತ್ತು. ಅದು ಎಂದೂ ನಿಲ್ಲಲಿಲ್ಲ. ಎಲೆ ಬಾಡುತ್ತದೆ, ನಿಲ್ಲಲು ಹೊತ್ತಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ ಕೇಳಿಸಿತ್ತೋ ಇಲ್ಲವೋ ಎಂಬುದು ತಿಳಿಯದೆ ಇಡೀ ಬೇಸಿಗೆ ಕಳೆಯಿತು.

ಮಳೆ ಹಿಡಿ‌ದ ಮೇಲೆ ಮೊಹರಮ್ ಬಂತು. ಈ ಸಲ ಚೋಂಗೆ ಬರುವುದಿಲ್ಲ ಎಂದು ನಾನು ಹೆಂಡತಿಗೆ ಹೇಳಿರಲಿಲ್ಲ. ಅವಳು ಚಾಚಿಗೆ ಕೊಡಲು ಕುಪ್ಪಸದ ಖಣ ತೆಗೆದಿಟ್ಟಿದ್ದಳು.

ಬಾಗಿಲು ಬಡಿದ ಸಪ್ಪಳಕ್ಕೆ ನಾನೇ ಹೋದೆ. ಚಾಚಿ ನಿಂತಿದ್ದರು. ಎದೆಗೆ ಅವಚಿಕೊಂಡ ಅದೇ ಹಿತ್ತಾಳೆ ಡಬ್ಬಿ, ಅದೇ ಬಟ್ಟೆ. ಪ್ರತಿ ವರ್ಷ ಸೀದಾ ಒಳಗೆ ಬರುವವರು ಹೊಸ್ತಿಲಾಚೆಯೇ ನಿಂತರು. ಮುಖದಲ್ಲಿ ಸ್ವಲ್ಪ ಗೊಂದಲ ಇತ್ತು. ತಾವು ಹೇಳಬೇಕಾದ ಮಾತು ಅವರಿಗೇ ಅರ್ಥವಾಗಿರಲಿಲ್ಲ.

“ಏನೋಪಾ, ಅವರು ಈ ಸಲ ಹಿಂಗ ಹೇಳಿ ಕಳಿಸ್ಯಾರ,” ಎಂದರು. “ಸುಮ್ನ ಕೊಟ್ಟು ಬರಬ್ಯಾಡ, ಮೊದಲ ಅವನ್ನ ಕೇಳು ಅಂದಾರ. ಅವನ ಬಾಯಿಂದ ಹೂಂ ಅಂದ್ರ ಕೊಡು ಅಂದಾರ. ಕೊಡಲೇನಪಾ?”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಕೊಡ್ರಿ ಚಾಚಿ,” ಎಂದೆ. “ಕೊಡ್ರಿ.”

ಎರಡೂ ಕೈ ಚಾಚಿದೆ. ಡಬ್ಬಿ ಇನ್ನೂ ಬೆಚ್ಚಗಿತ್ತು. ಆ ವರ್ಷ ಚೋಂಗೆ ತಿಂದೆ.